ಕಾಯಿಲೆಯ ಕಾಲಕ್ಕೊಂದು ಹಗೇವು

ಹುನಗುಂದ ಸೀಮೆಯ ಹಿರಿಯರಿಗೆ ಹಗೇವಿನ ಪರಿಚಯ ಹೇಳಿಕೊಡಬೇಕಾಗಿಲ್ಲ. ಜೋಳದ ರಾಶಿ ಮುಗಿದ ಮೇಲೆ ವರ್ಷದ ಉಣಿಸಿಗೆ ಬೇಕಾದುದನ್ನು ಮನೆಯೊಳಗಿಟ್ಟು, ಮಿಕ್ಕುದರಲ್ಲಿ ಒಂದು ಪಾಲನ್ನು ನೆಲದೊಳಗಿನ ಹಗೇವಿಗೆ ಇಳಿಸಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವುದು ಒಕ್ಕಲು ಮನೆತನಗಳ ಪದ್ಧತಿಯಾಗಿತ್ತು. 1876-78ರ ಮಹಾಕ್ಷಾಮದಲ್ಲಿ ಅಂದಿನ ಕಲಾದಗಿ ಜಿಲ್ಲೆ ಪಟ್ಟ ಪಾಡೇ ಅದಕ್ಕೆ ಸಾಕಷ್ಟು ಕಾರಣ. ಇಂದು ಹಗೇವುಗಳು ಮುಚ್ಚಿಹೋಗಿವೆ. ಆದರೆ ಇನ್ನೊಂದು ಬಗೆಯ ಬರ ಉಳಿದಿದೆ. ಮಳೆಯ ಬರ ಊರಿಗೆಲ್ಲ ಬರುತ್ತದೆ. ಕಾಯಿಲೆಯ ಬರ ಒಂದೇ ಮನೆಗೆ ಬರುತ್ತದೆ. ಆ ಬರಕ್ಕೆಂದು ನಾವು ಏನನ್ನು ಕೂಡಿಟ್ಟಿದ್ದೇವೆ?

ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದ್ದಾರೆ: ವೈದ್ಯ, ಔಷಧ, ಪರಿಚಾರಕ, ರೋಗಿ. ರೋಗಿಗಿರಬೇಕಾದ ಗುಣಗಳಲ್ಲಿ ಅವರು ಮೊದಲು ಎಣಿಸುವುದು ‘ಆಢ್ಯ’, ಅಂದರೆ ಅನುಕೂಲವುಳ್ಳವನು ಎಂಬುದನ್ನು. ಬಡವನಿಗೆ ಚಿಕಿತ್ಸೆ ಬೇಡವೆಂದು ಇದರ ಅರ್ಥವಲ್ಲ. ಹಣವಿಲ್ಲದೆ ಅರ್ಧಕ್ಕೆ ನಿಂತ ಚಿಕಿತ್ಸೆ ಫಲ ಕೊಡದೆಂಬುದನ್ನು ಆಚಾರ್ಯರು ಅರಿತಿದ್ದರೆಂದು ನಾವು ಗ್ರಹಿಸುತ್ತೇವೆ. ಚರಕಸಂಹಿತೆಯೂ ಮನುಷ್ಯನ ಮೂರು ಏಷಣೆಗಳಲ್ಲಿ ಪ್ರಾಣದ ನಂತರ ಧನವನ್ನಿಟ್ಟು, ಪರಲೋಕವನ್ನು ಆಮೇಲೆ ಹೇಳುತ್ತದೆ.

ನಾಳೆಗೆಂದು ಕೂಡಿಡುವುದು ಶರಣಧರ್ಮಕ್ಕೆ ಸಲ್ಲದೆಂದು ಕೆಲವು ಭಕ್ತರು ನಮ್ಮೊಡನೆ ವಾದಿಸುವುದುಂಟು. ಅವರು ಉದಾಹರಿಸುವುದು ಆಯ್ದಕ್ಕಿ ಲಕ್ಕಮ್ಮ ತಾಯಿಯನ್ನು. ಪತಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಆ ತಾಯಿ ಅದನ್ನು ಮರಳಿಸಿದಳು, ನಿಜ. ಅವಳು ತಿರಸ್ಕರಿಸಿದ್ದು ಆಸೆಯನ್ನು. ಕಾಯಕವೇ ಶರಣರ ಬದುಕಿನ ಆಧಾರವಾಗಿರುವಾಗ, ಕಾಯ ಸೋತ ದಿನಗಳಲ್ಲಿ ಮನೆ ಸಾಲಗಾರನ ಬಾಗಿಲಿಗೆ ಹೋಗದಂತೆ ಕಾಯುವುದು ಆಸೆಯಾಗಲಾರದು. ಹೊಲ ಮಾರಿದ ಮನೆಯಿಂದ ದಾಸೋಹವೂ ನಡೆಯದು. ಆ ಕಥೆಯಲ್ಲಿ ಇನ್ನೊಂದು ಪಾಠವಿದೆ: ಮನೆಗೆ ದಿನಕ್ಕೆ ಎಷ್ಟು ಬೇಕೆಂಬ ಲೆಕ್ಕ ಲಕ್ಕಮ್ಮನಿಗೆ ಗೊತ್ತಿತ್ತು. ಇದಕ್ಕೆ ನಾವು ಮುಂದೆ ಬರುತ್ತೇವೆ.

ಪಕ್ಷಾಘಾತವನ್ನೇ ನೋಡೋಣ. ಇಳಕಲ್ಲಿನ ಕುಣಿಮಗ್ಗದಲ್ಲಿ ಕಾಲಿನಿಂದ ತುಳಿದು, ಕೈಯಿಂದ ಲಾಳಿ ಹಾಯಿಸುವ ನೇಕಾರನಿಗೆ ಒಂದು ಪಾರ್ಶ್ವ ಸೋತರೆ ಮಗ್ಗವೇ ನಿಂತಿತು. ಬಾಯಿ ಸೊಟ್ಟಗಾಗಿ, ಮಾತು ತೊದಲಿ, ಒಂದು ಕೈ ಇಳಿಬಿದ್ದರೆ ಎಣ್ಣೆ ಹಚ್ಚುತ್ತ ಕೂಡಬಾರದು. 108ಕ್ಕೆ ಕರೆ ಮಾಡಿ, ತಲೆಯ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಒಡನೆ ಸಾಗಿಸಬೇಕು. ಹೆಪ್ಪು ಕರಗಿಸುವ ಔಷಧಿಗೆ ಇರುವ ಅವಧಿ ಸುಮಾರು ನಾಲ್ಕೂವರೆ ಗಂಟೆ ಮಾತ್ರ. ನಮ್ಮ ಪದ್ಧತಿಯ ಅಭ್ಯಂಗ, ಬಸ್ತಿಗಳ ಕಾಲ ಅನಂತರ ಬರುತ್ತದೆ. ಆದ್ದರಿಂದ ಈ ಒಂದು ಕಾಯಿಲೆಗೆ ಎರಡು ಖರ್ಚು: ಆಸ್ಪತ್ರೆಯ ಕೆಲವು ದಿನಗಳದು ಒಂದು, ಮನೆಯಲ್ಲಿ ಕಳೆಯುವ ತಿಂಗಳುಗಳದು ಇನ್ನೊಂದು. ಜನ ಮೊದಲನೆಯದಕ್ಕೆ ಹೆದರುತ್ತಾರೆ. ಮನೆಯನ್ನು ಬರಿದು ಮಾಡುವುದು ಹಲವು ಸಲ ಎರಡನೆಯದು.

ಮೊದಲನೆಯದಕ್ಕೆ ನೆರವು ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ದೊರೆಯುತ್ತದೆ. ಉಳಿದವರಿಗೆ ನಿಗದಿತ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘದ ಹಾದಿಯಲ್ಲೇ ಬೆಳೆದ ಸಂಘಗಳ ಮೂಲಕ 2003ರಲ್ಲಿ ಈ ಯೋಜನೆ ಬಂತು. ನಡುವೆ ನಿಂತು, 2023ರ ಜನವರಿಯಿಂದ ಮರುಜಾರಿಯಾಯಿತು. ಮರುಜಾರಿಯಾದಾಗ ನಾಲ್ವರ ಗ್ರಾಮೀಣ ಕುಟುಂಬಕ್ಕೆ ವಂತಿಗೆ ವರ್ಷಕ್ಕೆ 500 ರೂಪಾಯಿ, ಚಿಕಿತ್ಸೆಯ ಮಿತಿ 5 ಲಕ್ಷ. ಆದರೆ ನೋಂದಣಿಗೆ ಪ್ರತಿವರ್ಷವೂ ಗಡುವಿದೆ. ಕಾಯಿಲೆ ಬಂದ ಮೇಲೆ ಸಂಘದ ಮೆಟ್ಟಿಲು ಹತ್ತಿದರೆ ಉಪಯೋಗವಿಲ್ಲ. ಖಾಸಗಿ ವಿಮೆ ಕೊಳ್ಳುವವರು ಇರುವ ಮಧುಮೇಹ, ರಕ್ತದೊತ್ತಡಗಳನ್ನು ಮರೆಮಾಚದೆ ಬರೆಸಬೇಕು. ಮರೆಮಾಚಿದ್ದು ಮುಂದೆ ಪರಿಹಾರ ನಿರಾಕರಣೆಗೆ ಕಾರಣವಾಗಬಹುದು.

ಎರಡನೆಯ ಖರ್ಚಿಗೆ ಇಂಥ ನೆರವು ಕಡಿಮೆ. ದಿನದ ಗುಳಿಗೆ, ವ್ಯಾಯಾಮ ಚಿಕಿತ್ಸೆ, ಆರೈಕೆಗೆ ನಿಂತವರ ತಪ್ಪಿದ ಕೂಲಿ, ಮಕ್ಕಳ ಶಾಲೆ ಇವೆಲ್ಲವನ್ನೂ ಮನೆಯೇ ಹೊರಬೇಕು. ಹಗೇವು ಬೇಕಾಗುವುದು ಇಲ್ಲಿ. ತಿಂಗಳ ಸಂಬಳದವರು ಆರು ತಿಂಗಳ ಮನೆಖರ್ಚನ್ನು ಬೇರೆಯಾಗಿ ಇಡಲಿ. ಒಕ್ಕಲುತನದವರ ಲೆಕ್ಕ ಬೇರೆ. ಅವರದು ಸುಗ್ಗಿಯಿಂದ ಸುಗ್ಗಿಗೆ. ಕಡಲೆ, ಜೋಳ ಮಾರಿದ ದಿನವೇ ಒಂದು ಪಾಲನ್ನು ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಇಟ್ಟರೆ ಕೆಲವು ಸುಗ್ಗಿಗಳಲ್ಲಿ ಹಗೇವು ತುಂಬುತ್ತದೆ. ನೇಕಾರರೂ ಕೂಲಿಕಾರರೂ ಬಟವಾಡೆಯ ದಿನ ಕೈಲಾದಷ್ಟನ್ನು ತೆಗೆದಿಡಲಿ. ಮದುವೆ, ಜಾತ್ರೆಗಳಿಗೆ ಈ ಹಣವನ್ನು ಮುಟ್ಟಕೂಡದು.

ಕಲ್ಲುಗಣಿ, ಟ್ರ್ಯಾಕ್ಟರ್, ರಸ್ತೆಗಳ ಅಪಘಾತಕ್ಕೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ. ಬ್ಯಾಂಕ್ ಅಥವಾ ಅಂಚೆ ಖಾತೆಯುಳ್ಳ 18ರಿಂದ 70 ವರ್ಷದವರು ವರ್ಷಕ್ಕೆ 20 ರೂಪಾಯಿ ಕಟ್ಟಿದರೆ, ಅಪಘಾತದ ಮರಣಕ್ಕೂ ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೂ 2 ಲಕ್ಷ, ಭಾಗಶಃ ಶಾಶ್ವತ ವೈಕಲ್ಯಕ್ಕೆ 1 ಲಕ್ಷ ಸಿಗುತ್ತದೆ. ಪಕ್ಷಾಘಾತದಂಥ ಕಾಯಿಲೆ ಇದರಲ್ಲಿ ಸೇರುವುದಿಲ್ಲ. ವೈಕಲ್ಯ ಉಳಿದವರು ಯಾವ ಕಾರಣದಿಂದಾದರೂ ಸರಿ, ಸರಕಾರಿ ವೈದ್ಯರಿಂದ ಪ್ರಮಾಣಪತ್ರ ಪಡೆಯಬೇಕು, ಶೇ. 40 ಅಥವಾ ಹೆಚ್ಚು ವೈಕಲ್ಯವಿದ್ದವರು ಮಾಸಾಶನವೇ ಮೊದಲಾದ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು.

ಇನ್ನು ಲಕ್ಕಮ್ಮ ತಾಯಿಯ ಲೆಕ್ಕಕ್ಕೆ ಬರೋಣ. ಪಕ್ಷಾಘಾತವಾದವನು ಬದುಕಿರುತ್ತಾನೆ, ಆದರೆ ಸಹಿ ಮಾಡುವ ಕೈ ಏಳದು, ಹಣ ಎಲ್ಲಿದೆಯೆಂದು ಹೇಳುವ ನಾಲಿಗೆ ಹೊರಳದು. ‘ನಾಮಿನಿ ಬರೆಸಿದ್ದೇವಲ್ಲ’ ಎಂದು ಮನೆಯವರು ಸಮಾಧಾನಪಡುತ್ತಾರೆ. ನಾಮಿನಿಯ ಹಕ್ಕು ತೆರೆಯುವುದು ಖಾತೆದಾರನ ಮರಣದ ನಂತರ. ಬದುಕಿರುವಾಗ ಕೈಗೆ ಬರುವುದು ಇಬ್ಬರಲ್ಲಿ ಯಾರಾದರೊಬ್ಬರು ವ್ಯವಹರಿಸಬಹುದಾದ ಜಂಟಿ ಖಾತೆ. ಸಹಿ ಮಾಡಲಾಗದವರ ಹೆಬ್ಬೆಟ್ಟಿನ ಗುರುತನ್ನು ಸಾಕ್ಷಿಗಳ ಸಮ್ಮುಖದಲ್ಲಿ ಬ್ಯಾಂಕುಗಳು ಒಪ್ಪುವ ಕ್ರಮವೂ ಇದೆ. ಆದರೆ ರೋಗಿಯ ಪಕ್ಕದಲ್ಲಿರಬೇಕಾದ ಮಡದಿ ಆ ಹೊತ್ತಿನಲ್ಲಿ ಬ್ಯಾಂಕಿಗೆ ಅಲೆಯಬೇಕಾಗುತ್ತದೆ. ಪುರುಷ ದುಡಿದು ತರಲಿ, ಹೆಣ್ಣುಮಗಳು ಕೇಳದಿರಲಿ ಎಂಬ ರೂಢಿ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೆ. ಅದು ಶರಣರ ರೂಢಿಯಲ್ಲ.

ಆದ್ದರಿಂದ ಸದ್ಭಕ್ತರಲ್ಲಿ ನಮ್ಮ ಬಿನ್ನಹವಿಷ್ಟು. ಬರುವ ಅಮಾವಾಸ್ಯೆಯಂದು ಸಂಗಮನಾಥನ ದರ್ಶನ ಮುಗಿಸಿ ಮನೆಗೆ ಮರಳಿದ ಮೇಲೆ ಪತಿಪತ್ನಿಯರು ಕೂಡಿ ಕುಳಿತುಕೊಳ್ಳಿ. ಪಡಿತರ ಚೀಟಿ, ಆಧಾರ್, ಬ್ಯಾಂಕ್ ಪುಸ್ತಕ, ವಿಮಾಪತ್ರ, ಹೊಲದ ಉತಾರ, ಕೊಟ್ಟ ಸಾಲ, ತಂದ ಸಾಲ ಎಲ್ಲವನ್ನೂ ಒಂದೇ ಚೀಲದಲ್ಲಿಟ್ಟು, ಒಂದು ಹಾಳೆಯಲ್ಲಿ ಪಟ್ಟಿ ಬರೆಯಿರಿ. ಹೆಸರುಗಳು ಎಲ್ಲ ಕಾಗದಗಳಲ್ಲೂ ಒಂದೇ ಬಗೆಯಾಗಿವೆಯೇ ನೋಡಿ. ಬೆಳೆದ ಮಗನಿಗೋ ಮಗಳಿಗೋ ಚೀಲವಿರುವ ಜಾಗ ತೋರಿಸಿ. ಮರುದಿನ ಬ್ಯಾಂಕಿಗೆ ಹೋಗಿ ಜಂಟಿ ಖಾತೆ ಮಾಡಿಸಿ, ಸಂಘದಲ್ಲಿ ಯಶಸ್ವಿನಿಯ ಗಡುವು ಕೇಳಿ ಬನ್ನಿ.