ಮೂಲೆಯಲ್ಲಿ ಇಟ್ಟ ಗ್ಯಾಸ್ ಸಿಲಿಂಡರ್

ನಮ್ಮ ನೀಲಗಿರಿಯಲ್ಲಿ ಮಳೆಗಾಲ ಬಂದರೆ ಘಾಟಿ ದಾರಿಯನ್ನು ನಂಬುವ ಹಾಗಿಲ್ಲ. ಮಣ್ಣು ಕುಸಿಯುತ್ತೆ, ಮರ ಬೀಳುತ್ತೆ. 2009ರ ನವೆಂಬರಿನಲ್ಲಿ ಆದ ಭೂಕುಸಿತ ಹಿರಿಯರಿಗೆಲ್ಲ ನೆನಪಿದೆ. ದಾರಿ ಮುಚ್ಚಿದರೆ ಗ್ಯಾಸ್ ಲಾರಿ ಬರುವುದಿಲ್ಲ. ಅದಕ್ಕೇ ಅನೇಕ ಮನೆಗಳಲ್ಲಿ ಎರಡು ಸಿಲಿಂಡರ್ ಇರುತ್ತವೆ. ಒಂದು ಒಲೆಗೆ ಸೇರಿರುತ್ತೆ. ಇನ್ನೊಂದು ಮೂಲೆಯಲ್ಲಿ ಕೂತಿರುತ್ತೆ. ಆ ಮೂಲೆಯದನ್ನು ನಾವು ಮರೆತೇಬಿಡುತ್ತೇವೆ. ಮರೆಯಬಾರದು. ಯಾಕೆ ಅಂತ ತಿಳಿಯೋಣ.

ಒಳಗೆ ಏನಿದೆ?

ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್ ಇರುತ್ತೆ. ಅದನ್ನು ಒತ್ತಿ ನೀರಿನ ಹಾಗೆ ದ್ರವ ಮಾಡಿ ತುಂಬಿರುತ್ತಾರೆ. ಒಂದು ಲೀಟರ್ ದ್ರವ ಹೊರಗೆ ಬಂದರೆ ಸುಮಾರು 250 ಲೀಟರ್ ಗ್ಯಾಸ್ ಆಗುತ್ತೆ. ನೂರು ಪಾಲು ಗಾಳಿಯಲ್ಲಿ ಎರಡು ಪಾಲು ಗ್ಯಾಸ್ ಸೇರಿದರೂ ಸಾಕು, ಒಂದು ಕಿಡಿಗೆ ಬೆಂಕಿ ಹೊತ್ತಿಕೊಳ್ಳುತ್ತೆ.

ಈ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ. ನೆಲದ ಮೇಲೆ ಹರಡಿ ನಿಲ್ಲುತ್ತೆ. ಚಳಿ ಅಂತ ನಾವು ಬಾಗಿಲು, ಕಿಟಕಿ ಮುಚ್ಚಿರುತ್ತೇವೆ. ಎಸ್ಟೇಟಿನ ಲೈನ್ ಮನೆಯಲ್ಲಂತೂ ಅಡಿಗೆ, ಮಲಗುವುದು ಎಲ್ಲ ಹತ್ತಿರ ಹತ್ತಿರ. ಪಕ್ಕದಲ್ಲೇ ಸೌದೆ ಒಲೆ ಉರಿಯುತ್ತಿರಬಹುದು. ಅಪಾಯ ಇರುವುದು ಇಲ್ಲೇ.

ಎಲ್ಲಿ, ಹೇಗೆ ಇಡಬೇಕು?

ಸಿಲಿಂಡರನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸಿ. ಮಲಗಿಸಬೇಡಿ. ಮಲಗಿಸಿದರೆ ಗ್ಯಾಸಿನ ಬದಲು ದ್ರವವೇ ಟ್ಯೂಬಿಗೆ ನುಗ್ಗುತ್ತೆ. ಗಾಳಿ ಆಡುವ ಜಾಗದಲ್ಲಿ, ನೆಲದ ಮೇಲೆ ಇಡಿ. ಗುಂಡಿಯಲ್ಲಿ, ಮುಚ್ಚಿದ ಬೀರುವಿನಲ್ಲಿ, ಮಂಚದ ಕೆಳಗೆ ಬೇಡ. ಸೌದೆ ಒಲೆ, ಸೀಮೆಎಣ್ಣೆ, ದೇವರ ದೀಪ ಇವುಗಳಿಂದ ದೂರ ಇರಲಿ.

ಬಳಸದ ಸಿಲಿಂಡರಿನ ಬಾಯಿಗೆ ಅದರ ಮುಚ್ಚಳ ಹಾಕಿರಬೇಕು. ಅದನ್ನು ದಾರದಲ್ಲಿ ಕಟ್ಟಿರುತ್ತಾರೆ. ದಾರ ಕತ್ತರಿಸಿ ಬಿಸಾಡಬೇಡಿ. ಖಾಲಿ ಸಿಲಿಂಡರಿಗೂ ಮುಚ್ಚಳ ಹಾಕಿ. ಖಾಲಿ ಅಂದರೂ ಒಳಗೆ ಸ್ವಲ್ಪ ಗ್ಯಾಸ್ ಉಳಿದೇ ಇರುತ್ತೆ.

ಗೂಡಲೂರು ಕಡೆ ಮಳೆ ಜಾಸ್ತಿ. ಒದ್ದೆ ನೆಲದಲ್ಲಿ ಇಟ್ಟರೆ ತಳ ತುಕ್ಕು ಹಿಡಿಯುತ್ತೆ. ಒಣಗಿದ ಜಾಗದಲ್ಲಿ ಇಡಿ. ಮಸಿನಗುಡಿ ಕಡೆ ಬಿಸಿಲು ಹೆಚ್ಚು. ಬಿಸಿಲಿಗೆ ಕಾದರೆ ಒಳಗಿನ ಒತ್ತಡ ಏರುತ್ತೆ. ನೆರಳಲ್ಲಿ ಇಡಿ.

ಉದಕಮಂಡಲದ ಚಳಿಯಲ್ಲಿ

ಹಿಮ ಬೀಳುವ ಬೆಳಗ್ಗೆ ಒಲೆ ಸಣ್ಣಗೆ ಉರಿಯುತ್ತೆ. "ಗ್ಯಾಸ್ ಮುಗೀತು" ಅನ್ನುತ್ತೇವೆ. ಮುಗಿದಿರಲಿಕ್ಕಿಲ್ಲ. ಸಿಲಿಂಡರಿನಲ್ಲಿ ಪ್ರೊಪೇನ್, ಬ್ಯುಟೇನ್ ಎಂಬ ಎರಡು ಬಗೆ ಗ್ಯಾಸ್ ಬೆರೆತಿರುತ್ತವೆ. ಸೊನ್ನೆ ಡಿಗ್ರಿ ಹತ್ತಿರ ಬಂದರೆ ಬ್ಯುಟೇನ್ ದ್ರವವಾಗಿಯೇ ಉಳಿಯುತ್ತೆ, ಮೇಲೆ ಏಳುವುದಿಲ್ಲ. ಆಗ ಕೆಲವರು ಸಿಲಿಂಡರಿಗೆ ಬಿಸಿನೀರು ಹೊಯ್ಯುತ್ತಾರೆ, ಬೆಂಕಿಯ ಹತ್ತಿರ ತಂದಿಡುತ್ತಾರೆ, ಉರುಳಿಸುತ್ತಾರೆ. ಇದು ಪ್ರಾಣಕ್ಕೆ ಕುತ್ತು. ಸ್ವಲ್ಪ ತಾಳಿ. ಹೊತ್ತೇರಿದರೆ ತಾನೇ ಸರಿಹೋಗುತ್ತೆ. ಚಳಿ ಕಾಯಿಸಲು ಮುಚ್ಚಿದ ಮನೆಯಲ್ಲಿ ಗ್ಯಾಸ್ ಒಲೆ ಹಚ್ಚಿಡುವುದೂ ಬೇಡ. ಇದ್ದಿಲು ಕೆಂಡವೂ ಬೇಡ. ಅದರ ವಿಷಗಾಳಿಗೆ ವಾಸನೆ ಇಲ್ಲ. ಮಲಗಿದವರು ಏಳದೇ ಹೋಗಬಹುದು.

ಓದಿ ತೆಗೆದುಕೊಳ್ಳಿ

ನೀವು ಈಗ ಓದಲು ಕಲಿತಿದ್ದೀರಿ. ಸಿಲಿಂಡರನ್ನೂ ಓದಿ. ಹಿಡಿಯ ಕೆಳಗಿನ ಪಟ್ಟಿಗಳ ಒಳಬದಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ ಇರುತ್ತವೆ. ಅಂಕಿ ವರ್ಷ ಹೇಳುತ್ತೆ. ಅಕ್ಷರ ತಿಂಗಳು ಹೇಳುತ್ತೆ.

ಎ – ಜನವರಿಯಿಂದ ಮಾರ್ಚ್
ಬಿ – ಏಪ್ರಿಲ್‌ನಿಂದ ಜೂನ್
ಸಿ – ಜುಲೈಯಿಂದ ಸೆಪ್ಟೆಂಬರ್
ಡಿ – ಅಕ್ಟೋಬರ್‌ನಿಂದ ಡಿಸೆಂಬರ್

"ಸಿ 29" ಅಂದರೆ 2029ರ ಸೆಪ್ಟೆಂಬರ್ ಒಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಬೇಕು. ದಿನ ದಾಟಿದ್ದರೆ ತೆಗೆದುಕೊಳ್ಳಬೇಡಿ. ಖಾಲಿ ಸಿಲಿಂಡರಿನ ತೂಕವೂ ಅಲ್ಲೇ ಬರೆದಿರುತ್ತೆ. 15.8 ಎಂದಿದ್ದರೆ, ಅದಕ್ಕೆ 14.2 ಕೂಡಿಸಿ. ಒಟ್ಟು 30 ಕಿಲೋ ಬರಬೇಕು. "ಅಣ್ಣಾ, ತೂಕ ಹಾಕಿ ತೋರಿಸಿ. ಬಾಯಿಗೆ ನೀರು ಬಿಟ್ಟು ಸೋರುತ್ತಾ ನೋಡಿ" ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು. ನಾಚಿಕೆ ಬೇಡ.

ವಾಸನೆ ಬಂದರೆ

ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದ್ದು ಗೊತ್ತಾಗಲಿ ಅಂತಲೇ ಕೆಟ್ಟ ವಾಸನೆ ಸೇರಿಸುತ್ತಾರೆ. ವಾಸನೆ ಬಂತೋ, ಒಲೆ ಮತ್ತು ರೆಗ್ಯುಲೇಟರ್ ಆರಿಸಿ. ದೀಪ, ಸೌದೆ ಬೆಂಕಿ ನಂದಿಸಿ. ಬಾಗಿಲು, ಕಿಟಕಿ ತೆಗೆಯಿರಿ. ಲೈಟಿನ ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ಮಕ್ಕಳನ್ನು ಕರಕೊಂಡು ಹೊರಗೆ ಬನ್ನಿ. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ.

ಉತ್ತರ ಹೇಳಿ

1. ಸೋರಿದ ಗ್ಯಾಸ್ ಎಲ್ಲಿ ನಿಲ್ಲುತ್ತದೆ? ಯಾಕೆ?
2. ಖಾಲಿ ಸಿಲಿಂಡರಿಗೂ ಮುಚ್ಚಳ ಯಾಕೆ ಬೇಕು?
3. ನಿಮ್ಮ ಮನೆಯ ಸಿಲಿಂಡರಿನ ಮೇಲೆ ಯಾವ ಅಕ್ಷರ, ಯಾವ ಅಂಕಿ ಇದೆ? ನೋಡಿ, ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ.