ಘಾಟಿ ಏರುವ ಲಾರಿಗೆ ಎರವಿನ ಉಸಿರು

ಸಾಗರದ ಬಿ.ಎಚ್. ರಸ್ತೆಯ ಅಂಚಿನ ಒಂದು ಗ್ಯಾರೇಜಿನಲ್ಲಿ, ನಲವತ್ತು ವರ್ಷ ಲಾರಿಗಳ ಅಡಿಯಲ್ಲೇ ಬಾಳು ಸವೆಸಿದ ವೃದ್ಧ ಮೇಸ್ತ್ರಿಯೊಬ್ಬರು ಮೂಲೆಯ ಗೋಣಿತಾಟನ್ನು ಸರಿಸಿ ತೋರಿಸಿದ ಯಂತ್ರಖಂಡವನ್ನು ಕಂಡ ದಿನದಿಂದ, ಅದರ ವಿಚಾರವನ್ನು ನಾಲ್ವರಿಗೆ ಹೇಳದೆ ನನಗೆ ಸಮಾಧಾನವಿಲ್ಲದಂತಾಗಿದೆ. ಅಲ್ಯೂಮಿನಿಯಮ್ ಎರಕದ ಒಂದು ಭಾರವಾದ ಪೆಟ್ಟಿಗೆ. ಅದರೊಳಗೆ ಮೂರು ಮೂರು ಎಸಳಿನ, ತುಸು ತಿರುಚಿದ ಎರಡು ಉರುಳೆಗಳು. ಒಂದನ್ನು ಬೆರಳಿನಿಂದ ತಿರುವಿದರೆ ತುದಿಯ ಹಲ್ಲುಚಕ್ರಗಳ ಸಂಬಂಧದಿಂದ ಇನ್ನೊಂದೂ ಎದುರು ದಿಕ್ಕಿಗೆ ತಿರುಗುತ್ತದೆ. ಒಂದರ ಎಸಳು ಮತ್ತೊಂದರ ತಗ್ಗನ್ನು ಹೊಕ್ಕು ಹೊರಡುತ್ತದೆಯೇ ಹೊರತು ಎಲ್ಲಿಯೂ ಸೋಂಕುವುದಿಲ್ಲ. ಅದರ ಬಾಯಿಗೆ ಅಂಗೈ ಹಿಡಿದೆ, ಮೇಸ್ತ್ರಿ ತಿರುವಿದರು. ತಣ್ಣನೆಯ ಗಾಳಿ ತಾಕಿತು. ಹಳೆಯ ಅಮೆರಿಕನ್ ಟೂ-ಸ್ಟ್ರೋಕ್ ಡೀಸೆಲ್ ಎಂಜಿನ್ನಿನ ಬ್ಲೋವರ್ ಅದು. ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ಮುಗಿದ ಮೇಲೆ ನಡೆದ ಹರಾಜಿನಲ್ಲಿ ತಮ್ಮ ಗುರುಗಳ ಕೈಸೇರಿತೆಂದು ಅವರೆಂದರು.

ಇದರ ವಂಶಾವಳಿ ಲಾರಿಗಿಂತಲೂ ಪುರಾತನವಾದುದು. ಅಮೆರಿಕದ ಇಂಡಿಯಾನಾ ಪ್ರಾಂತದ ಕಾನರ್ಸ್‌ವಿಲ್ಲಿನಲ್ಲಿ ಉಣ್ಣೆಯ ಗಿರಣಿಯಿದ್ದ ಫಿಲಾಂಡರ್ ರೂಟ್ಸ್ ಮತ್ತು ಫ್ರಾನ್ಸಿಸ್ ರೂಟ್ಸ್ ಸಹೋದರರು 1860ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅವರು ಅರಸಿದ್ದು ಗಾಳಿಯನ್ನಲ್ಲ, ಗಿರಣಿಗೆ ಬೇಕಾದ ಹೊಸ ಬಗೆಯ ನೀರುಚಕ್ರವನ್ನು. ಮರದ ಎಸಳುಗಳು ನೀರು ಕುಡಿದು ಉಬ್ಬಿ ಸಿಕ್ಕಿಕೊಂಡವೆಂದೂ, ಅವನ್ನು ತಿದ್ದಿ ಬರಿದೆ ತಿರುಗಿಸಿ ನೋಡುವಾಗ ಹೊಮ್ಮಿದ ಗಾಳಿಗೆ ಎದುರಿಗಿದ್ದವನ ಟೋಪಿ ಹಾರಿತೆಂದೂ ಕಥೆಯುಂಟು. ಆಷಾಢ ಬಂತೆಂದರೆ ಬಾಗಿಲ ಹಲಗೆ ಉಬ್ಬಿ ದಾರಂದಕ್ಕೆ ಕಚ್ಚಿಕೊಳ್ಳುವುದನ್ನು ವರ್ಷವರ್ಷವೂ ಕಾಣುವ ತೀರ್ಥಹಳ್ಳಿ, ಹೊಸನಗರದವರಿಗೆ ಈ ಕಥೆಯನ್ನು ನಂಬಲು ಬೇರೆ ಸಾಕ್ಷಿ ಬೇಕಾಗದು. ಹೀಗೆ ಹುಟ್ಟಿದ ಬ್ಲೋವರ್ ಮೊದಲು ಕಬ್ಬಿಣದ ಕುಲುಮೆಗಳಿಗೆ ಗಾಳಿ ಊದಿತು. 1938ರಲ್ಲಿ ಜನರಲ್ ಮೋಟಾರ್ಸಿನವರು ಹೊರತಂದ 71ರ ಶ್ರೇಣಿಯ ಡೀಸೆಲ್ ಎಂಜಿನ್ನುಗಳಲ್ಲಿ, ಅಂದರೆ ಸಿಲಿಂಡರೊಂದಕ್ಕೆ 71 ಘನ ಅಂಗುಲದವುಗಳಲ್ಲಿ, ಶ್ವಾಸಕೋಶವೇ ಆಯಿತು. ಇಂಥ ಟೂ-ಸ್ಟ್ರೋಕ್ ಡೀಸೆಲ್ ಎಂಜಿನ್ ತಾನಾಗಿ ಗಾಳಿ ಸೆಳೆಯಲಾರದು; ಹೊಗೆಯನ್ನು ತಳ್ಳಿ ಹೊಸ ಗಾಳಿ ತುಂಬಲು ಬ್ಲೋವರ್ ಇರಲೇಬೇಕು. ಅದನ್ನು ತಂದು ತಾನಾಗಿಯೇ ಉಸಿರಾಡಬಲ್ಲ ಫೋರ್-ಸ್ಟ್ರೋಕ್ ಎಂಜಿನ್ನಿಗೆ ಕಟ್ಟಿದರೆ ಮಾತ್ರ ಅದು ನಿಜವಾದ ಸೂಪರ್‌ಚಾರ್ಜರ್.

ಹೊಗೆಯ ವೇಗದಿಂದಲೇ ತಿರುಗುವ ಅದರ ದಾಯಾದಿ ಟರ್ಬೊ, ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ ಕಲ್ಪನೆ. 1938ರಲ್ಲಿ ಆ ದೇಶದ ಸೌರರ್ ಲಾರಿಗೆ ಬಂದಿತು. 1954ರಲ್ಲಿ ಮೊದಲಾದ ನಮ್ಮ ಟಾಟಾ-ಮರ್ಸಿಡಿಸ್ ಲಾರಿಗಳು ಸಹಜಶ್ವಾಸದಲ್ಲೇ ಘಾಟಿ ಏರಿದವು. ಟರ್ಬೊ ಇಲ್ಲಿ ಸರ್ವಸಾಮಾನ್ಯವಾದುದು ಹೊಗೆಯ ನಿಯಮಗಳು ಬಿಗಿಯಾದ ಮೇಲೆ.

ಅದೇ ಗ್ಯಾರೇಜಿನಲ್ಲಿ ಆ ದಿನ ಒಂದು ಹಳೆಯ ಎಂಜಿನ್ ಬಿಚ್ಚಿ ಹರಡಿತ್ತು: ಆರು ಸಿಲಿಂಡರ್, ಐದೂಮುಕ್ಕಾಲು ಲೀಟರಿಗೆ ತುಸು ಕಡಿಮೆ. ಕುಂದಾಪುರದ ಕಡೆಯಿಂದ ಹೆಂಚು ಹೇರಿಕೊಂಡು, ಹೊಸಂಗಡಿಯಲ್ಲಿ ಘಾಟಿ ಹಿಡಿದು, ಹುಲಿಕಲ್ಲಿಗೆ ಏರಿ, ಮಾಸ್ತಿಕಟ್ಟೆ, ನಗರದ ಮೇಲೆ ಹೊಸನಗರಕ್ಕೆ ಬರುವ ಆ ಲಾರಿಗೆ ಮಾಲೀಕರು ಬೇರೆಲ್ಲಿಯೋ ಟರ್ಬೊ ಹಾಕಿಸಿದ್ದರಂತೆ. ಎರಡು ಮಳೆಗಾಲ ಅದು ಆನೆಯಂತೆ ಏರಿತು. ಮೂರನೆಯದಕ್ಕೆ ಮೊದಲೇ ಹೆಡ್ ಗ್ಯಾಸ್ಕೆಟ್ ಸುಟ್ಟು, ರಿಂಗು ಸಿಕ್ಕಿ, ಲಾರಿ ನಿಂತಿತು. ಮೇಸ್ತ್ರಿ ನನ್ನ ಕೈಗಿತ್ತ ಪಿಸ್ಟನ್ನಿನ ಅಂಚು ಇಲಿ ಕಡಿದ ಕೊಬ್ಬರಿ ಬಟ್ಟಲಿನಂತಿತ್ತು.

ತಪ್ಪು ಗಾಳಿಯದೆಂದು ನಾನು ಒಪ್ಪಲಾರೆ. ನಿಮಿಷಕ್ಕೆ 1400 ಸುತ್ತು ತಿರುಗುವಾಗ ಆ ಎಂಜಿನ್ ಸುಮಾರು 4000 ಲೀಟರ್ ಗಾಳಿ ಕುಡಿಯುತ್ತದೆ. ಅದಕ್ಕೆ ಅರ್ಧದಷ್ಟು ಗಾಳಿಯನ್ನು ಮೇಲಾಗಿ ಒತ್ತಿ ಕೊಟ್ಟು, ಡೀಸೆಲನ್ನು ಹಿಂದಿನಷ್ಟೇ ಬಿಟ್ಟರೆ, ಉರಿ ಶುದ್ಧವಾಗುತ್ತದೆ, ಕರಿಹೊಗೆ ಅಡಗುತ್ತದೆ, ಸೈಲೆನ್ಸರಿನ ಕಾವೂ ಇಳಿಯುತ್ತದೆ. ಆದರೆ ಗಾಳಿಯೊಂದರಿಂದ ಬಲ ಬಾರದಷ್ಟೆ. ಬಲ ಬರುವುದು ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸಿದಾಗ. ಕಾರ್ಖಾನೆಯಲ್ಲೇ ಟರ್ಬೊಗೆಂದು ರೂಪಿಸಿದ ಎಂಜಿನ್ನಿನಲ್ಲಿ ಪಿಸ್ಟನ್ನಿನ ಅಡಿಗೆ ಎಣ್ಣೆ ಚಿಮ್ಮಿಸಿ ತಣಿಸುವ ಏರ್ಪಾಡನ್ನೂ, ಹೆಚ್ಚಿನ ಒತ್ತಡಕ್ಕೆ ತಕ್ಕ ಬೋಲ್ಟು, ಗ್ಯಾಸ್ಕೆಟ್ಟುಗಳನ್ನೂ ಮೊದಲೇ ಯೋಚಿಸಿರುತ್ತಾರೆ. ಹಳೆಯದಕ್ಕೆ ಅದೊಂದೂ ಇಲ್ಲ. ರೇಡಿಯೇಟರು, ಕ್ಲಚ್ಚು, ಗೇರ್‌ಬಾಕ್ಸು, ಕ್ರೌನುಗಳು ಹಿಂದಿನವೇ. ಬಲ ಬಂತೆಂದು ಲೋಡು ಏರಿಸಿದರೆ ಇಳಿಯುವಾಗ ಬ್ರೇಕೂ ಹಿಂದಿನದೇ ಎಂಬುದು ನನಗೆ ಎಲ್ಲಕ್ಕಿಂತ ಭಯದ ಸಂಗತಿ.

ಹಾಕಿಸಲೇಬೇಕೆಂದರೆ ನನ್ನ ಒಲವು ಬ್ಲೋವರಿನ ಕಡೆಗೆ. ಹುಲಿಕಲ್ಲಿನ ಕಡಿದಾದ ತಿರುವಿನಲ್ಲಿ ಎಂಜಿನ್ ಸುತ್ತು ಕುಸಿದಾಗ ಹೊಗೆಯೂ ಕುಗ್ಗುತ್ತದೆ, ಟರ್ಬೊ ಸೋಲುತ್ತದೆ, ಮತ್ತೆ ವೇಗ ಕೂಡುವವರೆಗೆ ಡ್ರೈವರು ಕಾಯಬೇಕು. ಬೆಲ್ಟಿನಿಂದಲೋ ಗೇರಿನಿಂದಲೋ ಎಂಜಿನ್ನಿಗೇ ಬಿಗಿದ ಬ್ಲೋವರಾದರೋ ಮೊದಲ ಗೇರಿನಲ್ಲೇ ಗಾಳಿ ಕೊಡುತ್ತದೆ. ಮೇಸ್ತ್ರಿ ತಲೆಯಾಡಿಸಿದರು: “ಅದನ್ನ ತಿರುಗಿಸೋ ಬಲ ಎಂಜಿನ್ನಿಂದಲೇ ಹೋಗಬೇಕಲ್ಲ ಸ್ವಾಮಿ? ಡೀಸೆಲ್ ಯಾರು ಹಾಕ್ತಾರೆ? ದಾರಿಯಲ್ಲಿ ಬೆಲ್ಟು ಹರಿದರೆ?”

ಆ ಲಾರಿಯ ಟರ್ಬೊ ಕೂಡ ಕೆಟ್ಟ ಬಗೆಯನ್ನು ಅವರು ವಿವರಿಸಿದಾಗ ನಾನು ಸ್ತಬ್ಧನಾದೆ. ನಿಮಿಷಕ್ಕೆ ಒಂದು ಲಕ್ಷದ ಆಸುಪಾಸಿನಲ್ಲಿ ಸುತ್ತುವ ಅದರ ದಂಡ ತೆಳುವಾದ ಎಣ್ಣೆಯ ಪೊರೆಯ ಮೇಲೆ ತೇಲುತ್ತಿರುತ್ತದೆ. ಘಾಟಿ ಏರುವ ಡ್ರೈವರುಗಳು ಚಂಡಿಕಾಂಬೆಯ ಗುಡಿಯೆದುರು ಲಾರಿ ನಿಲ್ಲಿಸಿ ಕೈಮುಗಿಯುವುದು ಹಳೆಯ ಪದ್ಧತಿ. ಈ ಡ್ರೈವರು ಕೆಂಪಗೆ ಕಾದ ಎಂಜಿನ್ನನ್ನು ಅಲ್ಲಿ ಒಮ್ಮೆಗೇ ಬಂದ್ ಮಾಡಿ ಇಳಿಯುತ್ತಿದ್ದನಂತೆ. ಎಂಜಿನ್ ನಿಂತೊಡನೆ ಎಣ್ಣೆಯ ಹರಿವೂ ನಿಂತು, ಬೇರಿಂಗಿನಲ್ಲಿ ಉಳಿದ ಎಣ್ಣೆ ಕಾವಿಗೆ ಸೀದು ಇದ್ದಲಾಯಿತು. ಹಳೆಯ ಎಂಜಿನ್ನಿನ ಕಾಲದಲ್ಲಿ ಆ ಅಭ್ಯಾಸದಿಂದ ಏನೂ ಕೇಡಾಗಿರಲಿಲ್ಲ. ಎರಡು ಮೂರು ನಿಮಿಷ ಐಡಲಿನಲ್ಲಿ ಬಿಟ್ಟು, ಅಷ್ಟರಲ್ಲಿ ದೇವಿಗೆ ಕೈಮುಗಿದು ಬಾ ಎಂದು ಆ ಹುಡುಗನಿಗೆ ಹೇಳಿದವರೇ ಇರಲಿಲ್ಲವೆಂದು ಮೇಸ್ತ್ರಿ ಬಹಳ ನೊಂದುಕೊಂಡರು.

ತಿಂಗಳ ಬಳಿಕ ಹೋದಾಗ ಎಂಜಿನ್ ಬೋರಾಗಿ, ಹೊಸ ಪಿಸ್ಟನ್ನುಗಳೊಡನೆ ಕೂಡಿತ್ತು. ಮಾಲೀಕರ ಹಟಕ್ಕೆ ಟರ್ಬೊ ಉಳಿದಿತ್ತು, ಅದೂ ಹೊಸ ಬೇರಿಂಗಿನದು. ಮೇಸ್ತ್ರಿ ಪಂಪಿನ ಸ್ಕ್ರೂವನ್ನು ಮೊದಲಿನ ಅಳತೆಗೆ ತಂದು, ತಂತಿ ಸುತ್ತಿ, ಯಾರಾದರೂ ಮುಟ್ಟಿದರೆ ತಿಳಿಯಲೆಂದು ಅದರ ತಲೆಯ ಮೇಲೆ ಕೆಂಪು ಬಣ್ಣದ ಒಂದು ಬೊಟ್ಟಿಡುತ್ತಿದ್ದರು.