ಚಿತ್ರದುರ್ಗದ ಏಳುಸುತ್ತಿನ ಕೋಟೆ: ಹುಟ್ಟು ಮತ್ತು ರಚನೆ

ಚಿತ್ರದುರ್ಗದ ಕೋಟೆಯು ಒಬ್ಬ ಅರಸನ ಕಾಲದ ನಿರ್ಮಾಣವಲ್ಲ. ಹೊಯ್ಸಳರ ಕಾಲದಲ್ಲಿ ಈ ಸ್ಥಳಕ್ಕೆ ಬೆಮ್ಮತ್ತನಕಲ್ಲು ಎಂಬ ಹೆಸರಿತ್ತು. ಬೆಟ್ಟದ ಮೇಲಿನ ಕೆಲವು ದೇವಾಲಯಗಳೂ ಪಾಳೆಯಗಾರರಿಗಿಂತ ಹಿಂದಿನವು. ವಿಜಯನಗರದ ಅಧೀನದಲ್ಲಿ 1568ರಲ್ಲಿ ತಿಮ್ಮಣ್ಣನಾಯಕನಿಂದ ಆರಂಭವಾದ ನಾಯಕರ ಆಳ್ವಿಕೆಯಲ್ಲಿ ಕೋಟೆಯು ಹಂತಹಂತವಾಗಿ ಬೆಳೆಯಿತು.

ಏಳು ಸುತ್ತುಗಳ ಪೈಕಿ ಮೂರು ನೆಲಮಟ್ಟದಲ್ಲಿಯೂ ನಾಲ್ಕು ಬೆಟ್ಟದ ಮೇಲೆಯೂ ಇರುತ್ತವೆ. ಕಲ್ಲಿನ ಗೋಡೆಗಳು ಬಂಡೆಯಿಂದ ಬಂಡೆಗೆ ಹಾಯ್ದಿದ್ದು, ಅನೇಕ ಕಡೆ ಬಂಡೆಯೇ ಗೋಡೆಯಾಗಿದೆ. ದ್ವಾರಗಳ ಹಾದಿಯು ತಿರುವುಗಳಿಂದ ಕೂಡಿರುವುದರಿಂದ ವೈರಿಸೈನ್ಯಕ್ಕೆ ರಭಸದಿಂದ ನುಗ್ಗಲು ಅವಕಾಶವಿರಲಿಲ್ಲ. ಗೋಡೆಗಳಿಗಿಂತಲೂ ಗಮನಾರ್ಹವಾದುದು ನೀರಿನ ವ್ಯವಸ್ಥೆ. ಗೋಪಾಲಸ್ವಾಮಿ ಹೊಂಡ ತುಂಬಿ ಹೆಚ್ಚಾದ ಮಳೆನೀರು ಅಕ್ಕ-ತಂಗಿ ಹೊಂಡಕ್ಕೂ, ಅಲ್ಲಿಂದ ಕೆಳಗಿನ ಹೊಂಡಗಳಿಗೂ ಇಳಿಯುವಂತೆ ರಚಿಸಲಾಗಿದೆ. ಮುತ್ತಿಗೆಯ ದಿನಗಳಲ್ಲಿ ದುರ್ಗದವರನ್ನು ಬಾಯಾರಿಕೆಯಿಂದ ಮಣಿಸುವುದು ಸುಲಭವಾಗಿರಲಿಲ್ಲ.

ಬಂಡೆಯನ್ನು ನಂಬಿದ ಈ ರಚನೆಗೆ ಬಂಡೆಗಳ ನಡುವಿನ ಸಂದೇ ದೌರ್ಬಲ್ಯವೂ ಆಗಿತ್ತು. ಅಂತಹ ಒಂದು ಕಿಂಡಿಯಲ್ಲಿ ನುಸುಳಿದ ಹೈದರಾಲಿಯ ಸೈನಿಕರನ್ನು ಕಾವಲುಗಾರನ ಪತ್ನಿ ಓಬವ್ವ ಒನಕೆಯಿಂದ ಎದುರಿಸಿದ ಪ್ರಸಂಗವು ಜನಜನಿತವಾಗಿದೆ. 1779ರಲ್ಲಿ ಕೊನೆಯ ಮದಕರಿನಾಯಕನಿಂದ ಕೋಟೆಯು ಹೈದರಾಲಿಯ ವಶವಾಯಿತು. ಮಣ್ಣಿನಿಂದ ಕಟ್ಟಿದ ಅರಮನೆಯ ಮೋಟುಗೋಡೆಗಳು ಮತ್ತು ಮದ್ದು ಬೀಸುವ ಕಲ್ಲುಗಳು ಈಗಲೂ ಉಳಿದಿವೆ.

ಕೆಳಸುತ್ತುಗಳ ಅವಶೇಷಗಳು ಇಂದು ಊರಿನ ಮನೆಗಳ ನಡುವೆ ಇರುವುದರಿಂದ, ಕಟ್ಟಡ ಪರವಾನಗಿಗೆ ಅರ್ಜಿ ಸಲ್ಲಿಸುವವರು ಗಮನಿಸತಕ್ಕದ್ದು: 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯನ್ವಯ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣವನ್ನು ನಿಷೇಧಿಸಲಾಗಿದೆ. ಅಲ್ಲಿ ಹಳೆಯ ಮನೆಯ ದುರಸ್ತಿಗೂ, ಅದರಾಚೆಯ 200 ಮೀಟರ್‌ ವ್ಯಾಪ್ತಿಯಲ್ಲಿ ಯಾವುದೇ ನಿರ್ಮಾಣಕ್ಕೂ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಅಗತ್ಯ.